ಇನ್‌ಚಾರ್ಜ್ ಕೆಲಸ ಯಾರೂ ಹೇಳಿಕೊಡುವುದಿಲ್ಲ
ಸಣ್ಣ ಆಸ್ಪತ್ರೆಯಲ್ಲಿ ನರ್ಸ್‌ಗಳಿಗೆ ಬೆಳೆಯಲು ದಾರಿಯಿಲ್ಲ ಎಂದು ಬರೆದಿದ್ದೀರಿ. ಅರ್ಧ ಒಪ್ಪುತ್ತೇನೆ. ಚಿಂತಾಮಣಿ ಕಡೆ 30 ಹಾಸಿಗೆಯ ಆಸ್ಪತ್ರೆಯೊಂದರಲ್ಲಿ 11 ವರ್ಷದಿಂದ ನರ್ಸ್ ಆಗಿದ್ದೇನೆ. ಒಂದೇ ನೈಟ್ ಡ್ಯೂಟಿಯಲ್ಲಿ ಹೆರಿಗೆ, ಹಾವು ಕಚ್ಚಿದವರು, ಟೊಮೆಟೊ ತೋಟಕ್ಕೆ ಔಷಧಿ ಹೊಡೆಯುತ್ತಾ ತಲೆಸುತ್ತಿ ಬಿದ್ದವರು, ಎಲ್ಲಾ ಬರುತ್ತಾರೆ. ದೊಡ್ಡ ಆಸ್ಪತ್ರೆಯ ಒಂದೇ ವಾರ್ಡಿನಲ್ಲಿದ್ದರೆ ಇಷ್ಟು ಕಲಿಯಲು ಸಿಗುತ್ತಿತ್ತಾ?

ಆದರೆ ನನ್ನನ್ನು ಇನ್‌ಚಾರ್ಜ್ (ಉಳಿದ ನರ್ಸ್‌ಗಳ ಕೆಲಸ ನೋಡಿಕೊಳ್ಳುವವಳು) ಮಾಡಿದ ದಿನ ಕೈಗೆ ಕೊಟ್ಟಿದ್ದು ಸ್ಟೋರ್ ರೂಮಿನ ಬೀಗದ ಕೈ ಮಾತ್ರ. ಡ್ಯೂಟಿ ಪಟ್ಟಿ ಹಾಕುವುದು, ಇಂಡೆಂಟ್ (ಬೇಕಾದ ಸಾಮಾನಿನ ಬೇಡಿಕೆ ಪಟ್ಟಿ) ಬರೆಯುವುದು, ಜಗಳ ಬಿಡಿಸುವುದು (ಇದೇ ಜಾಸ್ತಿ), ಎಲ್ಲಾ ತಪ್ಪು ಮಾಡುತ್ತಲೇ ಕಲಿತೆ. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿದವರು 2 ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ನರ್ಸಿಂಗ್ ಪದವಿ ಮಾಡಬಹುದು, ನಿಜ. ಆದರೆ ಅದಕ್ಕೆ ರಜೆ ಕೇಳಿದರೆ ‘ನಿನ್ನ ಜಾಗಕ್ಕೆ ಯಾರಮ್ಮಾ ಬರ್ತಾರೆ?’ ಅನ್ನುತ್ತಾರೆ. ಎರಡು ಸಲ ಕೇಳಿ ಸುಮ್ಮನಾದೆ.