ದಾಳ ಉರುಳಿಸಿದವರಿಗೇ ನೆನಪಿಲ್ಲ

ಮಕ್ಕಳೊಂದಿಗೆ ಕುಳಿತು ನೋಡುವ ಮಾಯಾಲೋಕದ ಸಾಹಸಚಿತ್ರಗಳು ಅಷ್ಟು ಹೊತ್ತು ಕಟ್ಟಿದ ಕಥೆಯನ್ನು ಕೊನೆಯ ಕೆಲವೇ ನಿಮಿಷಗಳಲ್ಲಿ ತಾವೇ ಒರೆಸಿಹಾಕುವುದನ್ನು ಕಂಡಾಗಲೆಲ್ಲ ನನಗೆ ಮೈಯುರಿಯುತ್ತದೆ. 1995ರ ‘ಜುಮಾಂಜಿ’ಯನ್ನೇ ನೋಡಿ. 1969ರಲ್ಲಿ ಆಟದ ಹಲಗೆಯೊಳಗೆ ಸೆಳೆಯಲ್ಪಟ್ಟ ಬಾಲಕ ಆಲನ್, 26 ವರ್ಷಗಳ ನಂತರ ಜೂಡಿ ಮತ್ತು ಪೀಟರ್ ಎಂಬ ಅಕ್ಕ-ತಮ್ಮ ದಾಳ ಉರುಳಿಸಿದ್ದರಿಂದಲೇ ಗಡ್ಡಧಾರಿಯಾಗಿ ಹೊರಬರುತ್ತಾನೆ. ಆಟದಲ್ಲಿ ಮೋಸ ಮಾಡಲು ಹೋದ ಪೀಟರ್ ಅರ್ಧ ಕೋತಿಯಾಗುತ್ತಾನೆ. ಜೂಡಿ ವಿಷದ ಮುಳ್ಳು ಚುಚ್ಚಿ ಕುಸಿಯುತ್ತಾಳೆ. ಆಟ ಮುಗಿದೊಡನೆ ಕಾಲ ಹಿಂದಕ್ಕೆ ಸರಿದು, ನಡೆದದ್ದೆಲ್ಲ ಆಲನ್ ಮತ್ತು ಅವನ ಗೆಳತಿ ಸಾರಾಗೆ ಮಾತ್ರ ನೆನಪಿರುತ್ತದೆ. ಆಲನ್‌ನ ಅಪ್ಪನ ಪಾತ್ರ ಹಾಗೂ ಆಟದೊಳಗಿಂದ ಬಂದು ಅವನನ್ನು ಬೆನ್ನಟ್ಟುವ ಬೇಟೆಗಾರನ ಪಾತ್ರ ಎರಡನ್ನೂ ನಟ ಜೊನಾಥನ್ ಹೈಡ್ ಒಬ್ಬರಿಗೇ ಕೊಟ್ಟು, ಆಲನ್‌ನ ಭಯಕ್ಕೆ ಮುಖ ಒದಗಿಸಿದ ಜಾಣ್ಮೆಯನ್ನು ನಾನು ಒಪ್ಪುತ್ತೇನೆ. ಜೂಡಿ, ಪೀಟರ್‌ರ ಸತ್ತ ತಂದೆತಾಯಿ ಈ ಬದಲಾದ ಕಾಲದಲ್ಲಿ ಬದುಕುಳಿಯುವುದೂ ಸಂತೋಷವೇ. ಆದರೆ ಆ ಮಕ್ಕಳಿಬ್ಬರ ಪಾಲಿನ ಧೈರ್ಯ, ತಪ್ಪು, ಕಲಿಕೆ ಎಲ್ಲವನ್ನೂ ಅವರಿಂದಲೇ ಕಸಿದು, ಅಪರಿಚಿತ ಅತಿಥಿಗಳಂತೆ ಕ್ರಿಸ್‌ಮಸ್ ಕೂಟಕ್ಕೆ ಕರೆತರುವುದು ಯಾವ ನ್ಯಾಯ? ಬಾಲ ಬಂದದ್ದಾದರೂ ಆ ಹುಡುಗನಿಗೆ ನೆನಪಿರಬೇಡವೇ?