ಗ್ರೆಟಾ ಹಾಗೆ ಬೈದು ಮಾತಾಡ್ಲಿಕ್ಕೆ ನಮ್ಮ ಮಕ್ಕಳಿಗೆ ಕಲಿಸ್ಬೇಕಾ?

ಪರ

ನಮ್ಮ ಕಾಸರಗೋಡು ಕಡೆಯ ಶಾಲೆಗಳಲ್ಲಿ ಪರಿಸರ ದಿನದ ಭಾಷಣ ಹೇಗಿರ್ತದೆ ಅಂತ ಎಲ್ಲರಿಗೂ ಗೊತ್ತುಂಟು. ಜೂನ್ 5, ಹೊರಗೆ ಮಳೆ, ವೇದಿಕೆಯಲ್ಲಿ ಆಸೀನರಾದ ಗಣ್ಯರೇ ಅಂತ ಸುರು, ನಡುವಲ್ಲಿ ಮರ ಕಡಿಯಬಾರ್ದು ಪ್ಲಾಸ್ಟಿಕ್ ಬೇಡ, ಕೊನೆಗೆ ಅವಕಾಶ ಕೊಟ್ಟವರಿಗೆಲ್ಲ ವಂದನೆ, ಚಪ್ಪಾಳೆ, ಚಾಯ. ಯಾರಿಗೂ ಬೇಜಾರಾಗುದಿಲ್ಲ, ಯಾರಿಗೂ ಎಂತದ್ದೂ ಆಗುದಿಲ್ಲ.

ಅದಕ್ಕೇ ನಾನು ಹೇಳುದು, ಶಾಲಾ ಕಲೋತ್ಸವದ ಭಾಷಣ ಸ್ಪರ್ಧೆಗೆ ರೆಡಿಯಾಗುವ ಮಕ್ಕಳನ್ನು ಕೂರಿಸಿ ಸ್ವೀಡನ್ನಿನ ಹವಾಮಾನ ಹೋರಾಟದ ಹುಡುಗಿ ಗ್ರೆಟಾ ಥುನ್‌ಬರ್ಗ್ 2019ರ ಸೆಪ್ಟೆಂಬರ್ 23ಕ್ಕೆ ನ್ಯೂಯಾರ್ಕಲ್ಲಿ, ವಿಶ್ವಸಂಸ್ಥೆಯ ಹವಾಮಾನ ಸಭೆಯಲ್ಲಿ ಮಾತಾಡಿದ್ದನ್ನು ತೋರಿಸ್ಬೇಕು. ಐದು ನಿಮಿಷವೂ ಇಲ್ಲ. ಆಗ ಅವಳಿಗೆ 16 ವರ್ಷ. ಬರೀ ಅಳು ಬರೀ ಸಿಟ್ಟು ಅಂತ ಮೀಮ್ ಮಾಡಿದವರು ಪೂರ್ತಿ ಕೇಳಿದ್ದಾರಾ ಅಂತಲೇ ನನಗೆ ಡೌಟು.

ಸುರುವಿಗೇ ನೋಡಿ. ನಾಯಕರಿಗೆ ನಿನ್ನ ಸಂದೇಶ ಎಂತ ಅಂತ ಕೇಳಿದ್ದಕ್ಕೆ ನಾವು ನಿಮ್ಮನ್ನು ನೋಡ್ತಾ ಇರ್ತೇವೆ ಅಂತಾಳೆ, ಸಭೆ ನಗ್ತದೆ, ಚಪ್ಪಾಳೆ ಹೊಡಿತದೆ, ಎಂಥ ಚೂಟಿ ಹುಡುಗಿ ಅಂತ. ಮುಂದಿನ ಮಾತಿಗೇ ಆ ನಗು ಹೋಯ್ತು. ಇದೆಲ್ಲ ತಪ್ಪು, ನಾನು ಇಲ್ಲಿ ಇರ್ಲೇಬಾರ್ದಿತ್ತು, ಸಮುದ್ರದ ಆಚೆ ಶಾಲೆಯಲ್ಲಿ ಇರ್ಬೇಕಿತ್ತು. ನಮ್ಮ ಮಕ್ಕಳು ವೇದಿಕೆ ಕೊಟ್ಟದ್ದಕ್ಕೆ ಥ್ಯಾಂಕ್ಸ್ ಹೇಳ್ತಾರೆ, ಇವಳು ವೇದಿಕೆ ಕೊಟ್ಟದ್ದೇ ನಿಮ್ಮ ಸೋಲು ಅಂತ ಹೇಳಿ ಸುರು ಮಾಡ್ತಾಳೆ. ಆಮೇಲೆ ನನ್ನ ಕನಸು, ಬಾಲ್ಯ ಎರಡನ್ನೂ ಪೊಳ್ಳು ಮಾತಲ್ಲಿ ಕದ್ರಿ ಅಂತಾಳೆ, ಆದ್ರೆ ಅಲ್ಲೇ, ಉಸಿರು ತೆಗೆಯುವ ಮೊದ್ಲು, ಆದ್ರೂ ನಾನು ಅದೃಷ್ಟವಂತೆ ಅಂತ ಸೇರಿಸ್ತಾಳೆ. ಸ್ವೀಡನ್ನಿನ ಹುಡುಗಿಗೆ ಎಂತ ಕಷ್ಟ ಅಂತ ಕೇಳ್ಲಿಕ್ಕೆ ಬಾಯಿ ತೆರೆದವನ ಬಾಯಿ ಅಲ್ಲಿಗೇ ಮುಚ್ಚಿತು.

ನನಗೆ ತುಂಬಾ ಇಷ್ಟ ಆದದ್ದು ಅದರ ನಂತರದ್ದು. ನಿಮಗೆ ಅರ್ಥ ಆಗಿದೆ ಅಂತ ನೀವು ಹೇಳ್ತೀರಿ, ನಾನದನ್ನು ನಂಬುದಿಲ್ಲ, ಯಾಕಂದ್ರೆ ಅರ್ಥ ಆಗಿಯೂ ಸುಮ್ನೆ ಕೂತಿದ್ರೆ ನೀವು ದುಷ್ಟರು ಅಂತ ಆಗ್ತದೆ, ಹಾಗೆ ನಂಬ್ಲಿಕ್ಕೆ ನನಗೆ ಮನಸ್ಸಿಲ್ಲ ಅಂತಾಳೆ. ಕುಂಬಳೆ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳ್ಬೇಕಾ ಮಾರಾಯ್ರೆ, ವೇಷ ಕುಣಿತ ಇಲ್ಲದೆ ಕೂತು ಮಾತಲ್ಲೇ ಪ್ರಸಂಗ ನಡೆಸುವ ತಾಳಮದ್ದಳೆಯಲ್ಲಿ ನುರಿತ ಅರ್ಥಧಾರಿಗಳು ಎದುರಿನವನನ್ನು ಕಟ್ಟಿ ಹಾಕುದು ಹೀಗೇ ಅಲ್ವಾ! ದ್ರೌಪದಿ ಸಭೆಯಲ್ಲಿ ಕೇಳಿದ್ದೂ ಇಂಥದ್ದೇ, ಧರ್ಮರಾಯ ಮೊದ್ಲು ತನ್ನನ್ನೇ ಸೋತ ಮೇಲೆ ನನ್ನನ್ನು ಪಣ ಇಡ್ಲಿಕ್ಕೆ ಅವನಿಗೆ ಹಕ್ಕುಂಟಾ ಅಂತ. ಹೌದು ಅಂದ್ರೂ ಕಷ್ಟ ಅಲ್ಲ ಅಂದ್ರೂ ಕಷ್ಟ, ಭೀಷ್ಮನಂಥವನೇ ಧರ್ಮ ಸೂಕ್ಷ್ಮ ಅಂತ ತಡವರಿಸ್ಬೇಕಾಯ್ತು.

ಮತ್ತೆ ಲೆಕ್ಕ ಇಲ್ಲ ಅಂತ ಹೇಳುವವರಿಗೆ, ಲೆಕ್ಕ ಉಂಟು. ಬಿಸಿ 1.5 ಡಿಗ್ರಿ ದಾಟದೆ ಇರ್ಲಿಕ್ಕೆ 67% ಚಾನ್ಸ್ ಬೇಕಾದ್ರೆ 2018ರ ಜನವರಿ 1ಕ್ಕೆ ಇಡೀ ಲೋಕಕ್ಕೆ ಇನ್ನು ಬಿಡ್ಲಿಕ್ಕೆ ಉಳಿದ ಕಾರ್ಬನ್ ಡೈಆಕ್ಸೈಡ್ 420 ಗಿಗಾಟನ್ (ಒಂದು ಗಿಗಾಟನ್ ಅಂದ್ರೆ ನೂರು ಕೋಟಿ ಟನ್), ಅವಳು ಮಾತಾಡುವ ಹೊತ್ತಿಗೆ 350ಕ್ಕಿಂತ ಕಡಿಮೆ, ಹೀಗೇ ಹೋದ್ರೆ ಎಂಟೂವರೆ ವರ್ಷದೊಳಗೆ ಖಾಲಿ. ಸಿಟ್ಟಿನ ನಡುವೆ ಲೆಕ್ಕ ಇಟ್ಟದ್ದಕ್ಕೇ ಸಿಟ್ಟಿಗೆ ತೂಕ ಬಂದದ್ದು, ನಾಲ್ಕು ಸಲ ಎಷ್ಟು ಧೈರ್ಯ ನಿಮಗೆ ಅಂತ ಕೇಳಿದ್ದು ಬರೀ ಕಿರುಚಾಟ ಆಗ್ಲಿಲ್ಲ.

ಸಿಟ್ಟು ಎಂತಕ್ಕೆ ಅಂತ ನಮ್ಮ ಜಿಲ್ಲೆಯ ಎಣ್ಮಕಜೆಯವರು ಕೇಳ್ಬಾರ್ದು. ಗೇರು ತೋಟಕ್ಕೆ 70ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿಂದ ಎಂಡೋಸಲ್ಫಾನ್ ಕೀಟನಾಶಕ ಹೊಡೆದ್ರು, ವರದಿ ಬಂತು, ಸಮಿತಿ ಬಂತು, ಇನ್ನೊಂದು ಸಮಿತಿ ಬಂತು. 2017ರಲ್ಲಿ ಸುಪ್ರೀಂ ಕೋರ್ಟು ಸಂತ್ರಸ್ತರಿಗೆ ಮೂರು ತಿಂಗಳೊಳಗೆ 5 ಲಕ್ಷ ಕೊಡಿ ಅಂದಿತು, 2022ರಲ್ಲಿ ನೋಡಿದ್ರೆ 3704 ಜನರಲ್ಲಿ ಸಿಕ್ಕಿದ್ದು 8 ಜನಕ್ಕೆ ಅಂತ ಅದೇ ಕೋರ್ಟು ಸರ್ಕಾರಕ್ಕೆ ಬೈಯ್ಬೇಕಾಯ್ತು. ಕಾಗದದಲ್ಲಿ ನ್ಯಾಯ ಸಿಕ್ಕಿದ ಮೇಲೂ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ತಿರುವನಂತಪುರಕ್ಕೆ ಹೋಗಿ ಸೆಕ್ರೆಟರಿಯೇಟಿನ ಎದುರು ಕೂರ್ಬೇಕಾಯ್ತು. ಮೆಲ್ಲ ಹೇಳಿದ್ರೆ ಕೇಳುವ ಕಿವಿ ಎಲ್ಲುಂಟು?

ವಿರೋಧ

ಮೇಲೆ ಬರೆದವರ ತಾಳಮದ್ದಳೆ ಮಾತು ಹಿಡಿಸಿತು, ಅಲ್ಲಿಂದಲೇ ಸುರು ಮಾಡ್ತೇನೆ. ತಾಳಮದ್ದಳೆಯಲ್ಲಿ ಎದುರು ಒಬ್ಬ ಕೂತಿರ್ತಾನೆ, ಅವನಿಗೂ ಬಾಯುಂಟು, ನಿಮ್ಮ ಮಾತು ಗಟ್ಟಿಯಾ ಅಂತ ಗೊತ್ತಾಗುದು ಅವನು ಉತ್ರ ಕೊಟ್ಟ ಮೇಲೆ. ಮತ್ತೆ ದ್ರೌಪದಿಯ ಪ್ರಶ್ನೆ ಒಂದು ನಿರ್ದಿಷ್ಟ ಕಾನೂನಿನ ಪ್ರಶ್ನೆ, ಎಷ್ಟು ಧೈರ್ಯ ನಿಮಗೆ ಅನ್ನುದು ಪ್ರಶ್ನೆಯೇ ಅಲ್ಲ.

ನನ್ನ ತಕರಾರು ಹುಡುಗಿಯ ಮೇಲೆ ಅಲ್ಲ, ಸಿಟ್ಟಿನ ಮೇಲೂ ಅಲ್ಲ. ಭಾಷಣದಲ್ಲಿ ಬರುವ "ನೀವು" ಯಾರು? ಆ ಸಭೆಯಲ್ಲಿ ನೂರು ವರ್ಷ ಕಲ್ಲಿದ್ದಲು ಸುಟ್ಟು ದೊಡ್ಡವರಾದವರು ಇದ್ರು, ಸಮುದ್ರ ಏರಿದ್ರೆ ಮುಳುಗಿ ಹೋಗುವ ಸಣ್ಣ ದ್ವೀಪದವರೂ ಇದ್ರು, ನಮ್ಮ ಪ್ರಧಾನಿಯೂ ಇದ್ರು. ಎಲ್ಲರಿಗೂ ಒಂದೇ ಬೈಗುಳ. ಎಲ್ಲರಿಗೂ ಬೈದ್ರೆ ಯಾರಿಗೂ ತಾಗುದಿಲ್ಲ, ಹಿಂದಿನ ಸಾಲಿನವ ಮುಂದಿನವನಿಗೆ ಬೈದದ್ದು ಅಂತ ಚಪ್ಪಾಳೆ ಹೊಡಿತಾನೆ. ಅಲ್ಲಿ ಆದದ್ದೂ ಅದೇ, ಬೈಸಿಕೊಂಡವರೇ ಚಪ್ಪಾಳೆ ಹೊಡೆದ್ರು.

ಕೃಷ್ಣಸಂಧಾನ ನೆನಪು ಮಾಡಿ. ಅರ್ಧ ರಾಜ್ಯ ಬೇಡ, ಐದು ಗ್ರಾಮ ಕೊಡು ಅಂದ ಕೃಷ್ಣ. ಸೂಜಿಮೊನೆಯಷ್ಟೂ ಇಲ್ಲ ಅಂತ ಕೌರವ ಹೇಳಿದ್ದಕ್ಕೇ ತಪ್ಪು ಯಾರದ್ದು ಅಂತ ಲೋಕಕ್ಕೆ ಗೊತ್ತಾದದ್ದು. ಸಂಧಾನ ಮುರಿಯಿತು, ಸರಿ, ಆದ್ರೆ ಯಾರು ಮುರಿದದ್ದು ಅಂತ ಸಂಶಯ ಉಳಿಲಿಲ್ಲ. ಗ್ರೆಟಾಳ ಭಾಷಣದಲ್ಲಿ ಆ ಐದು ಗ್ರಾಮ ಇಲ್ಲ. ಗಿಗಾಟನ್ ಉಂಟು, ಅದು ಯಾರ ಪಾಲಿಗೆ ಎಷ್ಟು, ನಾಳೆ ಬೆಳಿಗ್ಗೆ ಯಾವ ದೇಶ ಎಂತ ನಿಲ್ಲಿಸ್ಬೇಕು ಅಂತ ಇಲ್ಲ. ಹಾಗಾಗಿ ಇಲ್ಲ ಅಂತ ಬಾಯಿಬಿಟ್ಟು ಹೇಳುವ ಪ್ರಸಂಗವೇ ಯಾರಿಗೂ ಬರ್ಲಿಲ್ಲ.

ತಮಾಷೆ ಎಂತ ಹೇಳಿದ್ರೆ ಅದೇ ದಿನ ಅದೇ ಹುಡುಗಿ, ನಮ್ಮ ಉತ್ತರಾಖಂಡದ ರಿಧಿಮಾ ಪಾಂಡೆಯೂ ಸೇರಿ 16 ಮಕ್ಕಳು, ವಿಶ್ವಸಂಸ್ಥೆಯ ಮಕ್ಕಳ ಹಕ್ಕು ಸಮಿತಿಗೆ ಒಂದು ದೂರು ಕೊಟ್ಟಿದ್ರು. ಅರ್ಜೆಂಟೀನಾ, ಬ್ರೆಜಿಲ್, ಫ್ರಾನ್ಸ್, ಜರ್ಮನಿ, ಟರ್ಕಿ, ಹೆಸರು ಹಿಡಿದು ಐದು ದೇಶ. 2021ರ ಅಕ್ಟೋಬರಲ್ಲಿ ಸಮಿತಿ ಮೊದ್ಲು ಆಯಾ ದೇಶದ ಕೋರ್ಟಿಗೆ ಹೋಗಿ ಅಂತ ದೂರನ್ನು ತಿರಸ್ಕರಿಸಿತು, ಆದ್ರೆ ಒಂದು ದೇಶ ಬಿಟ್ಟ ಹೊಗೆಯಿಂದ ಗಡಿಯಾಚೆಯ ಮಗುವಿಗೆ ತೊಂದ್ರೆಯಾದ್ರೆ ಆ ದೇಶಕ್ಕೆ ಜವಾಬ್ದಾರಿ ಉಂಟು ಅನ್ನುದನ್ನು ಒಪ್ಪಿತು. ಅದು ಸಣ್ಣ ಮಾತಾ? ಆದ್ರೆ ಆ ದೂರು ಯಾರಿಗೆ ನೆನಪುಂಟು, ಸಿಟ್ಟಿನ ಮುಖದ ಫೋಟೋ ಮಾತ್ರ ಎಲ್ಲರ ಮೊಬೈಲಲ್ಲಿ. ಭಾಷಣ ದೂರನ್ನು ನುಂಗಿತು ಅಂತಲೇ ನಾನು ಹೇಳುದು.

ಮತ್ತೆ ನಮ್ಮ ಊರಿನ ಉದಾಹರಣೆ. ಹೆಲಿಕಾಪ್ಟರ್ ನಿಂತದ್ದು ಹೇಗೆ? ವಾಣೀನಗರದ ಡಾ. ಮೋಹನ್‌ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಕಂಡದ್ದನ್ನು ಬರೆದ್ರು, ಶ್ರೀಪಡ್ರೆ ಪತ್ರಿಕೆಗಳಲ್ಲಿ ಬರೆದ್ರು, ಕೃಷಿ ಇಲಾಖೆಯಲ್ಲಿ ಕೆಲಸಕ್ಕಿದ್ದ ಲೀಲಾಕುಮಾರಿ ಅಮ್ಮ ಆ ಗೇರು ತೋಟಗಳ ಸರ್ಕಾರಿ ಪ್ಲಾಂಟೇಶನ್ ಕಾರ್ಪೊರೇಶನ್ ಮೇಲೆ ಕೇಸು ಹಾಕಿದ್ರು. ಆಕಾಶದಿಂದ ಮದ್ದು ಬಿಡುದು ನಿಲ್ಸಿ, ಇಷ್ಟೇ ಕೇಳಿದ್ದು. 2011ರ ಮೇ 13ಕ್ಕೆ ಇಡೀ ದೇಶಕ್ಕೆ ನಿಷೇಧ ಬಂತು. ಪರಿಹಾರಕ್ಕೆ ಸರ್ಕಾರ ಸತಾಯಿಸಿದ್ದು ನಿಜ, ಆ ತಾಯಂದಿರು ಕೂತದ್ದೂ ನಿಜ, ಆದ್ರೆ ಅವರ ಕೈಯಲ್ಲಿ ಕೋರ್ಟಿನ ಆರ್ಡರ್ ಇತ್ತು, ಪಟ್ಟಿ ಇತ್ತು, ಯಾವ ಆಫೀಸಿನ ಎದುರು ಕೂರುದು ಅಂತ ಗೊತ್ತಿತ್ತು. ಅದನ್ನು ಬರೀ ಸಿಟ್ಟಿನ ಗೆಲುವು ಅಂದ್ರೆ ಅವರಿಗೇ ಅನ್ಯಾಯ. ಮಕ್ಕಳನ್ನು ಪ್ರದರ್ಶನಕ್ಕೆ ಇಡ್ತಾರೆ ಅಂತ ಆಗ್ಲೂ ಹೇಳಿದವರಿದ್ರು, ಆ ಮಾತು ನನಗೆ ಸರಿ ಕಾಣ್ಲಿಲ್ಲ, ಅವರಿಗೆ ಮಕ್ಕಳನ್ನು ಬಿಟ್ಟು ಬರ್ಲಿಕ್ಕೆ ಮನೆಯಲ್ಲಿ ಯಾರಿದ್ರು?

ಮಕ್ಕಳಿಗೆ ಗ್ರೆಟಾಳನ್ನು ತೋರಿಸಿ, ಬೇಡ ಅನ್ನುದಿಲ್ಲ. ಆ ದುಷ್ಟರು ಅಂತ ನಂಬ್ಲಿಕ್ಕೆ ಮನಸ್ಸಿಲ್ಲ ಅನ್ನುವ ಭಾಗ ನಿಜವಾಗಿ ಚಂದ, ಅದನ್ನು ಬಾಯಿಪಾಠ ಮಾಡಿಸಿ ಬೇಕಾದ್ರೆ. ಆದ್ರೆ ಮಾದರಿ ಅಂತ ಇಟ್ರೆ ಎಂತ ಆಗ್ತದೆ, ಏಳನೇ ಕ್ಲಾಸಿನ ಹುಡುಗಿ ವೇದಿಕೆಗೆ ಬಂದು ಕಣ್ಣು ಕೆಂಪು ಮಾಡಿ ಎಷ್ಟು ಧೈರ್ಯ ಅಂತ ಪಿಟಿಎ ಪ್ರೆಸಿಡೆಂಟಿಗೆ ಕೇಳ್ತಾಳೆ, ಪಾಪ ಅವ್ರು ಎಂತ ಮಾಡಿದ್ರು? ಅದರ ಬದ್ಲು ಶಾಲೆಯ ಹಿಂದಿನ ಗುಡ್ಡೆಯಲ್ಲಿ ಕೆಂಪುಕಲ್ಲಿನ ಕೋರೆ ಉಂಟಲ್ಲ, ಅದಕ್ಕೆ ಲೈಸೆನ್ಸ್ ಉಂಟಾ, ಯಾವ ತಾರೀಖಿನವರೆಗೆ, ಕಲ್ಲು ಮುಗಿದ ಮೇಲೆ ಗುಂಡಿ ಮುಚ್ಚುದು ಯಾರು, ಕೆಳಗಿನವರು ನೀರಿಗೆ ಅಂತ ಗುಡ್ಡೆ ಕೊರೆದ ಸುರಂಗದ ನೀರು ಬತ್ತಿದ್ರೆ ಯಾರನ್ನು ಕೇಳುದು, ಇಷ್ಟನ್ನು ಮೆಲ್ಲದ ದನಿಯಲ್ಲಿ ಪಂಚಾಯತಿನವರ ಎದುರು ಕೇಳ್ಲಿ. ಕಲೋತ್ಸವದಲ್ಲಿ ಮಾರ್ಕು ಕಡಿಮೆ ಬೀಳ್ಬಹುದು, ತೀರ್ಪುಗಾರರಿಗೆ ಏರುದನಿಯೇ ಇಷ್ಟ ಅಂತ ನನಗೂ ಗೊತ್ತುಂಟು.