ಹೊಸ ಕಂಪ್ಯೂಟರಿನ ಕಸ: ಒಂದೇ ಸ್ಕ್ರಿಪ್ಟಿನಲ್ಲಿ ಗುಡಿಸಬಹುದೇ?

ಪರ: ಮೊದಲ ದಿನವೇ ಗುಡಿಸಿ

ಹೊಸ ಲ್ಯಾಪ್‌ಟಾಪ್ ಆನ್ ಮಾಡಿ ನೋಡಿ. ನಿಮ್ಮದು ಅಂತ ಒಂದು ಫೈಲೂ ಇನ್ನೂ ಅದರಲ್ಲಿಲ್ಲ. ಆಗಲೇ ಸ್ಟಾರ್ಟ್ ಮೆನುವಿನಲ್ಲಿ ಬೇಡದ ಆ್ಯಪ್‌ಗಳು ಬಂದು ಕೂತಿರುತ್ತವೆ. ಕೆಲವೇ ದಿನ ಪುಕ್ಕಟೆ ಸಿಗುವ ಆ್ಯಂಟಿವೈರಸ್ ಮೂಲೆಯಲ್ಲಿ ದುಡ್ಡು ಕಟ್ಟಿ ಎಂದು ಪೀಡಿಸಲು ಶುರು ಮಾಡುತ್ತದೆ. ತಯಾರಕರಿಗೆ ಹಣ ಕೊಟ್ಟು ಜಾಗ ಹಿಡಿದವರು ಇವರಲ್ಲಿ ಅನೇಕರು. ನಿಮ್ಮನ್ನು ಯಾರೂ ಕೇಳಿರುವುದಿಲ್ಲ. ಈ ಕಸವನ್ನೆಲ್ಲ ಒಟ್ಟಿಗೆ ತೆಗೆಯುವ ಸ್ಕ್ರಿಪ್ಟ್‌ಗಳು, ಅಂದರೆ ಸಾಲಾಗಿ ತಾನೇ ಓಡುವ ಆದೇಶಗಳ ಪಟ್ಟಿಗಳು, ನೆಟ್‌ನಲ್ಲಿ ಸಿಗುತ್ತವೆ. ಅಂಥದೊಂದನ್ನು ಮೊದಲ ದಿನವೇ ಓಡಿಸಿ.

ಡಿಸ್ಕ್ ತುಂಬುತ್ತದೆ, ವೇಗ ತಗ್ಗುತ್ತದೆ ಅನ್ನುವುದು ಸಣ್ಣ ದೂರು. 2014ರಲ್ಲಿ ಲೆನೊವೊ ತನ್ನ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಸೂಪರ್‌ಫಿಶ್ ಎಂಬ ಜಾಹೀರಾತು ಸಾಫ್ಟ್‌ವೇರ್ ಹಾಕಿ ಮಾರಿತು. ಅದು ತನ್ನದೇ ರೂಟ್ ಸರ್ಟಿಫಿಕೇಟನ್ನು (ಯಾವ ತಾಣ ಅಸಲಿ ಎಂದು ಬ್ರೌಸರ್ ನಂಬಲು ಆಧಾರವಾಗುವ ಗುರುತುಪತ್ರ) ವಿಂಡೋಸಿಗೆ ಸೇರಿಸಿ, ಬ್ರೌಸರಿನ ಸುರಕ್ಷಿತ ಸಂಪರ್ಕದ ನಡುವೆಯೇ ತೂರಿಕೊಳ್ಳುತ್ತಿತ್ತು. ಅಷ್ಟೂ ಯಂತ್ರಗಳಲ್ಲಿ ಆ ಸರ್ಟಿಫಿಕೇಟಿಗೆ ಒಂದೇ ಗುಪ್ತ ಕೀಲಿ! ಆ ಕೀಲಿ ಕಳ್ಳನ ಕೈಗೆ ಸಿಕ್ಕರೆ ಅವನು ನಕಲಿ ಬ್ಯಾಂಕ್ ಪುಟ ತೋರಿಸಿದರೂ ಬ್ರೌಸರ್ ಬೀಗದ ಗುರುತು ಹಾಕಿ ಒಪ್ಪಿಕೊಳ್ಳುತ್ತಿತ್ತು. ಇದು ಬಯಲಾದದ್ದು 2015ರ ಫೆಬ್ರುವರಿಯಲ್ಲಿ. ಅಲ್ಲಿಯವರೆಗೆ ಅದನ್ನು ಬಳಸಿದವರಲ್ಲಿ ಹೆಚ್ಚಿನವರಿಗೆ ಈ ಅಪಾಯ ಗೊತ್ತೇ ಇರಲಿಲ್ಲ.

ಇನ್ನು ಟೆಲಿಮೆಟ್ರಿ, ಅಂದರೆ ಕಂಪ್ಯೂಟರ್ ತನ್ನ ಸ್ಥಿತಿ, ಬಳಕೆಯ ವಿವರವನ್ನು (ಡಯಾಗ್ನಾಸ್ಟಿಕ್ ಮಾಹಿತಿ) ಮೈಕ್ರೋಸಾಫ್ಟಿಗೆ ಕಳಿಸುವುದು. ವಿಂಡೋಸ್ 11ರ ಹೋಮ್, ಪ್ರೊ ಆವೃತ್ತಿಗಳಲ್ಲಿ ಡಯಾಗ್ನಾಸ್ಟಿಕ್ ಮಾಹಿತಿಯ ಐಚ್ಛಿಕ ಭಾಗವನ್ನು ನಿಲ್ಲಿಸಬಹುದು. ‘ಅಗತ್ಯ’ ಎಂದು ಹೆಸರಿಟ್ಟ ಭಾಗ ಹೋಗುತ್ತಲೇ ಇರುತ್ತದೆ. ಪೂರ್ತಿ ನಿಲ್ಲಿಸುವ ಅವಕಾಶ ಇರುವುದು ಎಂಟರ್‌ಪ್ರೈಸ್, ಎಜುಕೇಶನ್‌ನಂಥ ಆವೃತ್ತಿಗಳಿಗೆ. ದೊಡ್ಡ ಕಂಪನಿಗೆ ಸಿಗುವ ಖಾಸಗಿತನ ಮನೆಯವರಿಗೆ ಯಾಕೆ ಬೇಡ?

ಕೈಯಿಂದಲೇ ಮಾಡಬಹುದಲ್ಲ ಅನ್ನುತ್ತಾರೆ. ನಿಮಗೆ ತಕ್ಕ ಜಾಹೀರಾತು ತೋರಿಸಲು ಆ್ಯಪ್‌ಗಳು ಬಳಸುವ ಜಾಹೀರಾತು ಐಡಿ ಒಂದು ಕಡೆ, ಲಾಕ್ ಸ್ಕ್ರೀನಿನ ಸಲಹೆಗಳು ಇನ್ನೊಂದು ಕಡೆ, ಸ್ಟಾರ್ಟ್ ಮೆನುವಿನದು ಮತ್ತೆಲ್ಲೋ. ಇಷ್ಟನ್ನೆಲ್ಲ ಹುಡುಕಿ ಆಫ್ ಮಾಡುವ ತಾಳ್ಮೆ ಎಷ್ಟು ಜನಕ್ಕಿದೆ? ಸ್ಕ್ರಿಪ್ಟ್ ಕೆಲವೇ ನಿಮಿಷದಲ್ಲಿ ಮುಗಿಸುತ್ತದೆ. ಹೆಸರಾದ ಸ್ಕ್ರಿಪ್ಟ್‌ಗಳ ಕೋಡ್, ಕೋಡ್ ಹಂಚುವ ತಾಣವಾದ ಗಿಟ್‌ಹಬ್‌ನಲ್ಲಿ ಎಲ್ಲರ ಕಣ್ಣೆದುರೇ ಇದೆ. ಒಳಗೇನಿದೆ ಎಂದು ತೋರಿಸದೆ ಬಂದ ಕಸಕ್ಕಿಂತ ಅದು ಎಷ್ಟೋ ವಾಸಿ.

ವಿರೋಧ: ಕಸ ಹೋಗಲಿ, ಕೀಲಿ ಕೊಡಬೇಡಿ

ಕಸ ಇದೆ ಅನ್ನುವುದರಲ್ಲಿ ನನ್ನ ತಕರಾರಿಲ್ಲ. ಗುಡಿಸುವವರು ಯಾರು ಅನ್ನುವುದೇ ನನ್ನ ಪ್ರಶ್ನೆ. ವಿಂಡೋಸಿಗೆ ಆದೇಶ ಟೈಪ್ ಮಾಡುವ ಪವರ್‌ಶೆಲ್ಲನ್ನು ಅಡ್ಮಿನಿಸ್ಟ್ರೇಟರ್ ಆಗಿ, ಅಂದರೆ ಏನು ಬೇಕಾದರೂ ಬದಲಿಸುವ ಅಧಿಕಾರದೊಂದಿಗೆ ತೆರೆದು, ಎಲ್ಲೋ ಸಿಕ್ಕ ಒಂದು ಸಾಲು ಪೇಸ್ಟ್ ಮಾಡಿ ಎಂಟರ್ ಒತ್ತುತ್ತೀರಿ. ಅದು ನೆಟ್‌ನಿಂದ ಇನ್ನಷ್ಟು ಕೋಡ್ ಎಳೆದು ತಂದು ಓಡಿಸುತ್ತದೆ. ಕೋಡ್ ಕಣ್ಣೆದುರೇ ಇದೆ, ಸರಿ. ನೀವು ಓದಿದಿರಾ?

2017ರಲ್ಲಿ ಸಿಸಿಕ್ಲೀನರ್‌ಗೆ ಏನಾಯಿತು ನೆನಪಿದೆಯಾ? ಜನ ಅದನ್ನು ಹಾಕಿಕೊಂಡಿದ್ದೇ ಕಂಪ್ಯೂಟರ್ ಸ್ವಚ್ಛ ಮಾಡಲು. ದಾಳಿಕೋರರು ಅದರ ತಯಾರಕರ ವ್ಯವಸ್ಥೆಗೇ ನುಗ್ಗಿ ಮಾಲ್‌ವೇರ್ ಸೇರಿಸಿದರು. ಅಧಿಕೃತ ಡೌನ್‌ಲೋಡೇ ಸುಮಾರು ಒಂದು ತಿಂಗಳು ವಿಷ ಹಂಚಿತು. ಅದನ್ನು ಹಾಕಿಕೊಂಡವರು 22 ಲಕ್ಷಕ್ಕೂ ಜಾಸ್ತಿ.

ಕೆಲವು ಸ್ಕ್ರಿಪ್ಟ್‌ಗಳು ಅಪ್‌ಡೇಟನ್ನೂ ಬಂದ್ ಮಾಡುತ್ತವೆ. ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ಮಾಲ್‌ವೇರಿನ ದಾಳಿ ನಡೆದದ್ದು 2017ರ ಮೇ ತಿಂಗಳಲ್ಲಿ. ಅದು ನುಗ್ಗಿದ ಕಿಂಡಿಯನ್ನು ಮುಚ್ಚುವ ಅಪ್‌ಡೇಟ್ ಮಾರ್ಚ್‌ನಲ್ಲೇ ಬಂದಿತ್ತು. ಹಾಕಿಕೊಳ್ಳದ ಯಂತ್ರಗಳು ಸಿಕ್ಕಿಬಿದ್ದವು. ಇಷ್ಟು ಸಾಕಲ್ವಾ?

ನನ್ನದೇ ಒಂದು ತಪ್ಪು ಹೇಳುತ್ತೇನೆ. ತಂಗಿಯ ಲ್ಯಾಪ್‌ಟಾಪ್‌ನಲ್ಲಿ ಇಂಥದೊಂದು ಸ್ಕ್ರಿಪ್ಟ್ ಓಡಿಸಿ ಕೊಟ್ಟಿದ್ದೆ. ತಿಂಗಳಾದ ಮೇಲೆ ಅವಳಿಗೆ ಆನ್‌ಲೈನ್ ಇಂಟರ್‌ವ್ಯೂ ಇತ್ತು. ನಡುವೆ ಫೋನ್ ಬಂತು: “ಅಣ್ಣಾ, ನಾನು ಮಾತಾಡಿದ್ದು ಅವರಿಗೆ ಕೇಳಿಸ್ತಾನೇ ಇಲ್ಲ.” ಸೆಟ್ಟಿಂಗ್ಸ್‌ನಲ್ಲಿ ಮೈಕ್ರೊಫೋನಿನ ಸ್ವಿಚ್ ಮಸುಕಾಗಿತ್ತು, ಒತ್ತಿದರೂ ಅಲ್ಲಾಡಲಿಲ್ಲ. ಮೇಲೆ ಒಂದು ಸಾಲು: ಕೆಲವು ಸೆಟ್ಟಿಂಗ್‌ಗಳನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ. ಮನೆಯ ಕಂಪ್ಯೂಟರಿಗೆ ಯಾವ ಸಂಸ್ಥೆ? ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ಸ್ಕ್ರಿಪ್ಟ್, ಕಂಪನಿಗಳು ಹಾಕುವಂಥ ನಿರ್ಬಂಧ (ಪಾಲಿಸಿ) ಬರೆದು, ಮೈಕ್ ಬಳಸುವ ಅನುಮತಿಯನ್ನೇ ಕಿತ್ತಿತ್ತು. ಹುಡುಕಿ ಸರಿ ಮಾಡುವಷ್ಟರಲ್ಲಿ ಇಂಟರ್‌ವ್ಯೂ ಮುಗಿದಿತ್ತು. ಅವಳು ಬೈಯಲಿಲ್ಲ. ಅದು ಈಗಲೂ ನೋಯುತ್ತದೆ.

ಆಮೇಲೆ ಮೈಕ್ರೋಸಾಫ್ಟ್‌ನ ಐಎಸ್‌ಒ (ವಿಂಡೋಸ್ ಇನ್‌ಸ್ಟಾಲ್ ಮಾಡುವ ಫೈಲ್) ಇಳಿಸಿಕೊಂಡು ವಿಂಡೋಸನ್ನು ಹೊಸದಾಗಿ ಹಾಕಿದೆವು. ತಯಾರಕರು ತುಂಬಿದ್ದ ಕಸ ಅಲ್ಲಿಗೇ ಹೋಯಿತು. ಉಳಿದದ್ದಕ್ಕೆ ಇಬ್ಬರೂ ಪಕ್ಕದಲ್ಲಿ ಕೂತು ಸೆಟ್ಟಿಂಗ್ಸ್ ತೆರೆದೆವು. ಪ್ರತಿಯೊಂದನ್ನೂ ಅವಳೇ ಓದಿದಳು. ಜಾಹೀರಾತು ಐಡಿ ಅಂದರೇನು ಎಂದು ಕೇಳಿ, ತಿಳಿದ ಕೂಡಲೇ ಆಫ್ ಮಾಡಿದಳು. ಫೈಂಡ್ ಮೈ ಡಿವೈಸ್ ಬಂದಾಗ ಮಾತ್ರ ಕೈ ತಡೆದಳು. “ಲ್ಯಾಪ್‌ಟಾಪ್ ಎಲ್ಲಾದ್ರೂ ಬಿಟ್ಟು ಬಂದ್ರೆ ಬೇಕಾಗುತ್ತೆ, ಇದು ಇರಲಿ,” ಅಂದಳು. ಅದನ್ನು ಹಾಗೇ ಬಿಟ್ಟೆವು.